ಜಲಾಲುದ್ದೀನರ ಹದಿನಾಲ್ಕು ನಿಯಮಗಳು

ಶಹಾಪುರ ಬಸ್ ನಿಲ್ದಾಣದ ಕಂಟ್ರೋಲ್ ರೂಮಿನಲ್ಲಿ ಇಪ್ಪತ್ತೊಂಬತ್ತು ವರ್ಷ ಮೈಕು ಹಿಡಿದವರು ಜಲಾಲುದ್ದೀನ. ಮೈಕು ಸರ್ಕಾರದ್ದು, ಬಾಯಿ ಸ್ವಂತದ್ದು. ಬಸ್ಸು ಎಲ್ಲಿಗೆ ಹೋಗುತ್ತದೆ, ಎಷ್ಟು ಗಂಟೆಗೆ ಹೊರಡುತ್ತದೆ, ಎಲ್ಲಿ ನಿಂತಿದೆ, ಇಷ್ಟನ್ನು ಮಾತ್ರ ಹೇಳತಕ್ಕದ್ದು ಎಂದು ಗೋಡೆಗೆ ಒಂದು ಹಾಳೆ ಅಂಟಿಸಿದ್ದರು. ಆ ಹಾಳೆಗೆ ಬೆನ್ನು ಬರುವ ಹಾಗೆ ಜಲಾಲುದ್ದೀನ ಮೊದಲ ದಿನವೇ ಕುರ್ಚಿ ತಿರುಗಿಸಿಕೊಂಡರು. ಯಾದಗಿರಿ ಬಸ್ಸು ಮೂರನೇ ಪ್ಲಾಟ್‌ಫಾರ್ಮಿನಲ್ಲಿದೆ ಎಂದ ಮೇಲೆ ಬಾಯಿ ಅಲ್ಲಿಗೆ ನಿಲ್ಲಬೇಕಲ್ಲ? ಎಲ್ಲಿಯ ಮಾತು! ಮೆಣಸಿನಕಾಯಿ ಚೀಲ ನಡುದಾರಿಯಲ್ಲಿ ಬಿಟ್ಟು ಭಜಿ ತಿನ್ನಲು ಹೋದವನಿಗೆ ಬುದ್ಧಿ ಹೇಳಬೇಕು. ಬಸುರಿ ಹೆಂಗಸಿಗೆ ಸೀಟು ಬಿಡದ ಗಂಡಸಿನ ಅಂಗಿಯ ಬಣ್ಣ ಹೇಳಿ ಊರ ಮುಂದೆ ಮಾನ ಕಳೆಯಬೇಕು. ಮೇಲಿನವರು ಮೂರು ಸಲ ನೋಟಿಸು ಕೊಟ್ಟರು. ಮೂರು ಸಲವೂ ಇವರು ಕೈಮುಗಿದು ತಪ್ಪಾಯಿತು ಎಂದರು, ಮರುದಿನ ಮತ್ತೆ ಅದೇ ರಾಗ ಅದೇ ತಾಳ.

ನಿವೃತ್ತಿಯ ದಿನ ಶಾಲು ಹೊದಿಸಿ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಮೈಕು ಕೊಡಲಿಲ್ಲ. ಮನೆಗೆ ಬಂದ ಜಲಾಲುದ್ದೀನ ಓಣಿಯಲ್ಲಿ ನಡೆಯುವುದನ್ನೆಲ್ಲ ಕಿಟಕಿಯಲ್ಲಿ ನಿಂತು ಸಾರತೊಡಗಿದರು. ಹಾಲಿನವನು ಬಂದ, ಪಕ್ಕದ ಮನೆಯ ಸೊಸೆ ತವರಿಗೆ ಹೊರಟಳು, ಇವತ್ತು ಸಾರಿಗೆ ಉಪ್ಪು ಕಡಿಮೆ. ಹೆಂಡತಿ ಕುಬ್ರಾಬೇಗಂ ಹದಿನೈದು ದಿನ ಸಹಿಸಿದರು. ಹದಿನಾರನೆಯ ದಿನ, ಈ ಬಾಯಿಗೆ ಏನಾದರೂ ಕೆಲಸ ಹುಡುಕಿಕೊಳ್ಳದಿದ್ದರೆ ತಾನೇ ತವರಿಗೆ ಹೊರಟೆ ಎಂದು ದಖನಿ ಉರ್ದುವಿನಲ್ಲಿ ಖಡಾಖಂಡಿತ ಹೇಳಿಬಿಟ್ಟರು. ಅರವತ್ತರ ಹೆಂಗಸಿಗೆ ತವರಿನಲ್ಲಿ ಯಾರಿದ್ದಾರೆ ಎಂದು ಕೇಳುವ ಧೈರ್ಯ ಗಂಡನಿಗೆ ಆಗಲಿಲ್ಲ.

ದಾರಿ ತೋರಿಸಿದವನು ಲಾಲಪ್ಪ. ಸುರಪುರದಾಚೆಯ ಹಳ್ಳಿಯವನು, ಸುರಪುರ–ಯಾದಗಿರಿ ಬಸ್ಸು ಓಡಿಸುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡ ಡ್ರೈವರ್. ಇಬ್ಬರೂ ಒಂದೇ ವರ್ಷ ನೌಕರಿಗೆ ಸೇರಿದವರು, ಒಂದೇ ವರ್ಷ ಬಿಟ್ಟವರು. ನಡುವಿನ ಅಷ್ಟೂ ಕಾಲ ಮಧ್ಯಾಹ್ನ ಲಾಲಪ್ಪನ ಬುತ್ತಿಯ ರೊಟ್ಟಿ ಇವರ ಹೊಟ್ಟೆಗೆ, ಇವರ ಡಬ್ಬಿಯ ಖಿಚಡಿ ಅವನ ಹೊಟ್ಟೆಗೆ. ಜಲಾಲುದ್ದೀನರ ಮಗಳ ಮದುವೆಯಲ್ಲಿ ಬೀಗರನ್ನು ಎದುರುಗೊಂಡವನು ಲಾಲಪ್ಪ, ಲಾಲಪ್ಪನ ಮಗನಿಗೆ ಅಂಜನಾ ಎಂಬ ಹುಡುಗಿಯನ್ನು ನೋಡಿ ಒಪ್ಪಿಸಿದವರು ಜಲಾಲುದ್ದೀನ. ಆ ಲಾಲಪ್ಪನೇ ಒಂದು ದಿನ ಫೋನು ಹಿಡಿದು ಬಂದು ‘ಸುರಪುರ–ಶಹಾಪುರ–ಯಾದಗಿರಿ ಬಸ್ ಬಳಗ’ ಎಂದು ವಾಟ್ಸಾಪಿನಲ್ಲಿ ಒಂದು ಗುಂಪು ತೆರೆದ, ಗೆಳೆಯನನ್ನು ಅಡ್ಮಿನ್ ಮಾಡಿ ತಾನು ಬರಿಯ ಸದಸ್ಯನಾಗಿ ಉಳಿದ. ಬಸ್ಸಿನಲ್ಲಿ ಕೂತವರು ಬಸ್ಸು ಎಲ್ಲಿದೆ ಎಂದು ಬರೆಯಬೇಕು, ನಿಲ್ದಾಣದಲ್ಲಿ ಕಾಯುವವರು ಓದಬೇಕು, ಅಷ್ಟೇ. ‘ಹತ್ತಿಗೂಡೂರ ದಾಟ್ತು, ಕಾಲಿಡಾಕ ಜಾಗಿಲ್ಲ’ ಎಂದರೆ ಶಹಾಪುರದಲ್ಲಿದ್ದವರು ಮುಂದಿನ ಬಸ್ಸಿಗೆ ಕಾಯಬಹುದು. ಮೂರು ವರ್ಷದಲ್ಲಿ ಒಂಬೈನೂರು ಮಂದಿ ಸೇರಿದರು.

ಅಡ್ಮಿನ್‌ಗಿರಿ ಎಂದರೆ ಜಲಾಲುದ್ದೀನರಿಗೆ ತಿರುಗಿ ಸಿಕ್ಕ ಮೈಕು. ಮುಂಜಾನೆ ನಮಾಜು ಮುಗಿಸಿ ಕನ್ನಡಕ ಏರಿಸಿದರೆ ಮಲಗುವವರೆಗೂ ಅದೇ ಧ್ಯಾನ. ಒಬ್ಬೊಬ್ಬರ ಒಂದೊಂದು ಮೆಸೇಜನ್ನೂ ಕೊನೆಯ ಅಕ್ಷರದವರೆಗೆ ಓದುವರು. ಊರಿಗೆ ಬೆಂಕಿ ಹಚ್ಚುವಂಥ ಮೆಸೇಜು ಬಂದರೆ ಮೊದಲು ಯಾರು ಕಳಿಸಿದ್ದು ಎಂದು ನೋಡುವರು. ಓದದೆ ಮುಂದೂಡಿದ ಪೆದ್ದನಾದರೆ ಫೋನು ಮಾಡಿ ಚೆನ್ನಾಗಿ ಬೈದು, ಕೊನೆಗೆ ಅವನ ತಾಯಿಯ ಮಂಡಿನೋವು ವಿಚಾರಿಸಿ ಇಡುವರು. ಬೇಕೆಂದೇ ಕಳಿಸಿದವನಾದರೆ ಫೋನಿಲ್ಲ, ಮಾತಿಲ್ಲ, ಗುಂಪಿನಿಂದಲೇ ಹೊರಗೆ. ಯಾರು ಯಾವ ಬಗೆ ಎಂದು ಹೇಗೆ ತಿಳಿಯಿತು ಎಂದರೆ, ಬಸ್ಸು ಹತ್ತುವುದನ್ನು ನೋಡಿದರೆ ಮನುಷ್ಯನ ಗುಣ ತಿಳಿಯುತ್ತದೆ ಎನ್ನುವರು. ತಿಳಿಯುತ್ತಿತ್ತೋ ಇಲ್ಲವೋ ದೇವರೇ ಬಲ್ಲ. ಆದರೆ ಬಳಗದ ಒಂದು ಜಗಳವೂ ಠಾಣೆಯ ಮೆಟ್ಟಿಲು ಹತ್ತಲಿಲ್ಲ. ಲಾಲಪ್ಪನದೊಂದು ಬೇರೆಯೇ ಖಾತೆ. ಅವನು ಪ್ರತಿದಿನ ಮುಂಜಾನೆ ಒಂದು ಗುಲಾಬಿ ಹೂವಿನ ಚಿತ್ರ ಹಾಕಿ ಎಲ್ಲರಿಗೂ ಶುಭ ಕೋರುವನು. ಬಸ್ಸಿಗೂ ಗುಲಾಬಿಗೂ ಏನು ಸಂಬಂಧ ಎಂದು ಯಾರೂ ಕೇಳುತ್ತಿರಲಿಲ್ಲ, ಜಲಾಲುದ್ದೀನರಂತೂ ಆ ಹೂವು ನೋಡದೆ ಚಹಾ ಕುಡಿಯುತ್ತಿರಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಜಲಾಲುದ್ದೀನ ಔಲಿಯಾ, ದೊಡ್ಡ ಸಂತ ಎಂದು ನೀವು ತಿಳಿದೀರಿ. ಹಾಗೇನೂ ಇಲ್ಲ. ಹೆಂಡತಿಯ ತಮ್ಮ ಮುಸ್ತಫಾ ಬೇಕರಿ ತೆರೆದಾಗ ಅದರ ಜಾಹೀರಾತು ಬಳಗದಲ್ಲಿ ಮೂರು ದಿನ ರಾಜಾರೋಷವಾಗಿ ಕೂತಿತ್ತು. ಅದೇ ವಾರ ರೇಣುಕಾದೇವಿ ಮೇಡಂ ತಮ್ಮ ಅಣ್ಣನ ಮಗಳ ಟ್ಯೂಷನ್ ಕ್ಲಾಸಿನ ವಿಷಯ ಹಾಕಿದರೆ ಅರ್ಧ ಗಂಟೆಯಲ್ಲಿ ಮಾಯ. ಈ ಮೇಡಂ ಸುರಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು, ಶಹಾಪುರದಿಂದ ದಿನಾ ಬಸ್ಸಿನಲ್ಲಿ ಓಡಾಡುವವರು. ಗಣಿತದವರ ಜೊತೆ ಇಂಥ ಆಟ ನಡೆದೀತೇ? ಒಂದು ವರ್ಷದಲ್ಲಿ ಯಾರ ಜಾಹೀರಾತು ಉಳಿಯಿತು, ಯಾರದು ಹೋಯಿತು, ಉಳಿದವರು ಅಡ್ಮಿನ್ನರಿಗೆ ಏನಾಗಬೇಕು ಎಂದು ಪಟ್ಟಿ ಮಾಡಿ, ಒಂಬೈನೂರು ಮಂದಿಯ ಮುಂದೆ ಇಟ್ಟರು. ಕೆಳಗೆ ಒಂದು ಸಾಲು: ಬಳಗ ಎಲ್ಲರದು, ಒಬ್ಬರ ಮನಸ್ಸೇ ಕಾನೂನು ಆಗಬಾರದು, ಎಲ್ಲರಿಗೂ ಒಂದೇ ನಿಯಮ ಇರಲಿ.

ಸುಳ್ಳಾಗಿದ್ದರೆ ನಗಬಹುದಿತ್ತು. ಪಟ್ಟಿಯ ಒಂದೊಂದು ಸಾಲೂ ನಿಜ. ತಪ್ಪಾಯಿತು ಎಂದು ಮೇಲಿನವರಿಗೆ ಮೂರು ಸಲ ಹೇಳಿದ ಬಾಯಿಗೆ, ದಿನಾ ಬಸ್ಸು ಕೇಳುವ ಒಬ್ಬ ಮೇಡಮ್ಮಿಗೆ ಆ ಮಾತು ಹೇಳಲು ಬರಲಿಲ್ಲ. ನಿಯಮ ಬೇಕೇ? ಕೊಡುತ್ತೇನೆ, ಉಣ್ಣಿರಿ ಎಂದುಕೊಂಡರು. ನೆಗಡಿ ಬಂದರೆ ಮೂಗು ಕೊಯ್ದುಕೊಳ್ಳುವವರ ಸಂತತಿ ಇನ್ನೂ ಇದೆ.

ಎರಡು ದಿನ ಕೂತು ಹದಿನಾಲ್ಕು ನಿಯಮ ಬರೆದರು. ಭಾಷೆಯೋ, ತಮಗೆ ಬಂದ ಮೂರು ನೋಟಿಸುಗಳ ಭಾಷೆಯೇ. ಮೆಸೇಜಿನ ಮೊದಲ ಸಾಲಿನಲ್ಲಿ ಬಸ್ಸಿನ ಮಾರ್ಗ ಮತ್ತು ವೇಳೆ ಇರತಕ್ಕದ್ದು, ಇಲ್ಲದಿದ್ದರೆ ಅಳಿಸಲಾಗುವುದು. ಚಿತ್ರ, ಧ್ವನಿ, ಕೈಮುಗಿಯುವ ಗುರುತು ಹಾಕಕೂಡದು. ಬಸ್ಸಲ್ಲದ ಯಾವ ವಿಷಯವೂ ಬರಕೂಡದು. ಮೂರು ತಪ್ಪಾದರೆ ಹೊರಗೆ. ಹೊರಹೋದವರು ಲಿಖಿತ ವಿನಂತಿ ಸಲ್ಲಿಸಿದಲ್ಲಿ ಹದಿನೈದು ದಿನಗಳ ತರುವಾಯ ಪರಿಶೀಲಿಸಲಾಗುವುದು. ಕುಬ್ರಾಬೇಗಂ ಇದನ್ನು ಕೇಳಿ, ಇದು ಬಸ್ಸಿನ ಗುಂಪೋ ಜೈಲೋ ಎಂದರು.

ನಿಯಮ ಓದಿ ಮೊದಲು ಫೋನು ಮಾಡಿದವರು ರೇಣುಕಾದೇವಿಯವರೇ. ನಿಯಮ ಬಂದದ್ದು ಒಳ್ಳೆಯದು, ಆದರೆ ಮಣ್ಣಿನ ಸುದ್ದಿಗೆ ಮಾತ್ರ ವಿನಾಯಿತಿ ಇರಲಿ ಎಂದರು. ಅವರ ಮಾತಿನಲ್ಲಿ ಅರ್ಥವಿತ್ತು. ಈ ಭಾಗದಲ್ಲಿ ಸತ್ತವರನ್ನು ಅದೇ ದಿನ ಮಣ್ಣು ಮಾಡುತ್ತಾರೆ, ಹಿಂದೂಗಳ ಮನೆಯಾಗಲಿ ಮುಸಲ್ಮಾನರ ಮನೆಯಾಗಲಿ, ಬೇಕಾದವರು ಹೇಗಾದರೂ ಬಂದು ಒಂದು ಹಿಡಿ ಮಣ್ಣು ಹಾಕಬೇಕು. ಬರುವುದು ಬಸ್ಸಿನಲ್ಲಿ. ಹಾಗಾಗಿ ಸಾವಿನ ಮನೆಯವರು ಬಸ್ ಬಳಗದಲ್ಲಿ ನಾಲ್ಕು ಸಾಲು ಹಾಕಿದರೆ ಮೂರೂ ಊರಿಗೆ ತಿಳಿಯುತ್ತಿತ್ತು, ಮನೆಮನೆಗೆ ಫೋನು ಮಾಡುವ ಗೋಜಿರಲಿಲ್ಲ. ಜಲಾಲುದ್ದೀನರಿಗೆ ಇದೆಲ್ಲ ಗೊತ್ತಿಲ್ಲವೇ? ಗೊತ್ತು. ಆದರೆ ಮೇಡಮ್ಮಿನ ಬಾಯಲ್ಲೇ ವಿನಾಯಿತಿ ಎಂಬ ಮಾತು ಬಂತಲ್ಲ, ಆ ಸುಖ ಬಿಡುವುದುಂಟೇ?

“ವಿನಾಯಿತಿ ಕೊಟ್ರ ಅಲ್ಲಿಂದನ ಪಕ್ಷಪಾತ ಶುರು ಆಗತೈತ್ರಿ ಮೇಡಂ. ನಿಮ್ಮ ಪಟ್ಟಿನ್ಯಾಗ ನೀವ ಬರ್ದೀರಿ” ಎಂದು ಬೆಣ್ಣೆಯಂಥ ದನಿಯಲ್ಲಿ ಹೇಳಿ ಫೋನಿಟ್ಟರು.

ನಿಯಮ ಮಾಡುವುದು ಸುಲಭ, ಮನಸ್ಸನ್ನು ಅದಕ್ಕೆ ಒಗ್ಗಿಸುವುದು ಕಷ್ಟ. ಕಳಿಸಿದವರ ಹೆಸರು ಕಂಡರೆ ಸಾಕು, ಪಾಪ, ಇವನು ಒಳ್ಳೆಯವನು ಎಂದು ಕರುಳು ಕರಗುತ್ತಿತ್ತು. ಅದಕ್ಕೆ ಜಲಾಲುದ್ದೀನ ಒಂದು ಉಪಾಯ ಕಂಡುಕೊಂಡರು. ಎಡಗೈ ಹೆಬ್ಬೆರಳನ್ನು ಹೆಸರಿನ ಮೇಲೆ ಒತ್ತಿ, ಮೊದಲ ಸಾಲನ್ನು ಮಾತ್ರ ನೋಡುವುದು. ಬಸ್ಸು ಇದ್ದರೆ ಉಳಿಯಿತು, ಇಲ್ಲದಿದ್ದರೆ ಹೋಯಿತು. ನ್ಯಾಯ ಎಂದರೆ ಹೀಗಿರಬೇಕು ಎಂದು ತಮಗೆ ತಾವೇ ಶಹಬ್ಬಾಸ್ ಹೇಳಿಕೊಂಡರು. ಮೊದಲು ಇಡೀ ದಿನ ಹಿಡಿಯುತ್ತಿದ್ದ ಕೆಲಸ ಈಗ ಒಂದು ಕಪ್ ಚಹಾ ಆರುವುದರೊಳಗೆ ಮುಗಿಯುತ್ತಿತ್ತು.

ಹೆಬ್ಬೆರಳ ಕೆಳಗೆ ಇದ್ದರೂ ಗುರುತು ಸಿಗುವವನು ಒಬ್ಬನೇ, ಗುಲಾಬಿಯ ಲಾಲಪ್ಪ. ಮೊದಲ ತಪ್ಪಿಗೆ ಎಚ್ಚರಿಕೆ ಹೋಯಿತು. ಗೆಳೆಯ ಚೇಷ್ಟೆ ಮಾಡುತ್ತಿದ್ದಾನೆ ಎಂದು ಲಾಲಪ್ಪ ಮರುದಿನ ಇನ್ನೂ ದೊಡ್ಡ ಗುಲಾಬಿ ಹಾಕಿದ. ಎರಡನೆಯ ಎಚ್ಚರಿಕೆಗೆ ಉತ್ತರವಾಗಿ ಬಂದದ್ದು ಅವನ ನಗುವಿನ ಧ್ವನಿ, ಅದೇ ಮೂರನೆಯ ತಪ್ಪು. ಆ ಕ್ಷಣ ಜಲಾಲುದ್ದೀನ ಒಮ್ಮೆ ಫೋನು ಕೆಳಗಿಟ್ಟದ್ದು ನಿಜ. ಆದರೆ ಒಂಬೈನೂರು ಮಂದಿ ನೋಡುತ್ತಿದ್ದಾರೆ, ಮೇಡಂ ನೋಡುತ್ತಿದ್ದಾರೆ, ಸ್ವಂತ ಗೆಳೆಯನನ್ನೇ ಬಿಡಲಿಲ್ಲ ಎನ್ನಬೇಕು. ಒತ್ತಿಬಿಟ್ಟರು. ಲಾಲಪ್ಪ ಹೊರಗೆ ಬಿದ್ದ.

ಕೂಡಲೇ ಅವನ ಫೋನು ಬಂತು. ಏನಲೇ ಇದು ಎಂದು ಕೇಳಿದ. ಇವರು ಗಂಟಲು ಸರಿಮಾಡಿಕೊಂಡು, ನಿಯಮದ ಪ್ರಕಾರ ಒಂದು ವಿನಂತಿ ಬರೆದು ಕಳಿಸು, ಹದಿನೈದು ದಿನಕ್ಕೆ ಸೇರಿಸಿಕೊಳ್ಳುತ್ತೇನೆ ಎಂದರು.

“ನಾ ನಿನಗ ಅರ್ಜಿ ಬರೀಬೇಕೇನಲೇ ಜಲಾಲಾ?” ಎಂದಷ್ಟೇ ಹೇಳಿ ಲಾಲಪ್ಪ ಫೋನು ಇಟ್ಟ.

ಅಲ್ಲಿಂದ ಫೋನಿಲ್ಲ. ಬಳಗದಲ್ಲಿ ಮೆಚ್ಚುಗೆಯ ಮಹಾಪೂರ, ಅದೂ ನಿಯಮದಂತೆ ಮೊದಲ ಸಾಲಿನಲ್ಲಿ ಬಸ್ಸಿನ ವೇಳೆ ಹಾಕಿ. ಜಲಾಲುದ್ದೀನರಿಗೆ ಮಾತ್ರ ಮುಂಜಾನೆ ಗುಲಾಬಿಯಿಲ್ಲದ ಚಹಾ ರುಚಿಸದು. ಅವನು ಬರೆಯಲಿ, ಎರಡು ಸಾಲು ಬರೆಯಲಿ, ತಕ್ಷಣ ಮಂಜೂರು ಮಾಡುತ್ತೇನೆ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಕುಬ್ರಾಬೇಗಂ ದಿನಕ್ಕೆರಡು ಸಲ ಹೇಳಿದರು: ಅವನಿಗೆ ಸಕ್ಕರೆ ಕಾಯಿಲೆ, ಹೋದ ವರ್ಷ ಎದೆನೋವೂ ಬಂದಿತ್ತು, ಸುರಪುರವೇನು ಸಮುದ್ರದಾಚೆ ಇದೆಯೇ, ಬಸ್ಸು ಹತ್ತಿ ಹೋಗಿ ಕರೆದುಕೊಂಡು ಬನ್ನಿ. ಹೋಗುವ ಆಸೆ ಇವರಿಗೂ ಒಳಗೊಳಗೇ ಕುದಿಯುತ್ತಿತ್ತು. ಆದರೆ ನಿಯಮ ಮಾಡಿದವನೇ ಹೋಗಿ ಬಾಗಿಲು ತಟ್ಟಿದರೆ ನಿಯಮದ ಗತಿ ಏನು? ಹದಿನೈದು ದಿನ ಆಗಲಿ, ಅರ್ಜಿ ಬರದಿದ್ದರೂ ಹದಿನಾರನೆಯ ದಿನ ತಾನೇ ಹೋಗಿ ಅವನ ಕಾಲು ಹಿಡಿದಾದರೂ ಸಮಾಧಾನ ಮಾಡುವುದು ಎಂದು ಮನಸ್ಸಿನಲ್ಲೇ ಮುಹೂರ್ತ ಇಟ್ಟುಕೊಂಡರು.

ಹನ್ನೊಂದನೆಯ ದಿನ ಬುಧವಾರ. ಮುಂಜಾನೆ ಎಂಟರ ಸುಮಾರಿಗೆ ಒಂದು ಉದ್ದನೆಯ ಮೆಸೇಜು ಬಂತು. ಹೆಬ್ಬೆರಳು ಹೆಸರಿನ ಮೇಲೆ ಹೋಯಿತು. ಮೊದಲ ಸಾಲು: ‘ಬಳಗದ ಎಲ್ಲ ಹಿರಿಯರಿಗೂ ಶರಣು.’ ಮಾರ್ಗವಿಲ್ಲ, ವೇಳೆಯಿಲ್ಲ. ಅಳಿಸಿದರು. ಅಡ್ಮಿನ್ ಜಲಾಲುದ್ದೀನ ಈ ಸಂದೇಶ ಅಳಿಸಿದ್ದಾರೆ ಎಂಬ ಸಾಲು ಅದರ ಜಾಗದಲ್ಲಿ ಬಂದು ಕೂತಿತು. ಅದರ ಬೆನ್ನಿಗೇ ಕೈಮುಗಿಯುವ ಗುರುತುಗಳು ಬರತೊಡಗಿದವು, ಒಂದು, ಎರಡು, ಹನ್ನೊಂದು. ಗುರುತು ಹಾಕಕೂಡದೆಂದು ಬರೆದದ್ದು ಯಾರಿಗಾಗಿ? ಎಲ್ಲವನ್ನೂ ಒಂದೊಂದಾಗಿ ಅಳಿಸುತ್ತ ಗೊಣಗಿದರು.

ಪಕ್ಕದಲ್ಲಿ ಸೊಪ್ಪು ಸೋಸುತ್ತಿದ್ದ ಕುಬ್ರಾಬೇಗಂ ಬಗ್ಗಿ ನೋಡಿದರು. ಇಷ್ಟು ಮಂದಿ ಒಮ್ಮೆಲೇ ಕೈಮುಗಿಯುತ್ತಿದ್ದಾರೆ ಎಂದರೆ ಏನೋ ಆಗಿದೆ, ಸ್ವಲ್ಪ ನೋಡಿ ಎಂದರು. ನೋಡುವುದು ತನ್ನ ಕೆಲಸ ಅಲ್ಲ, ಅಳಿಸುವುದಷ್ಟೇ ಎಂದು ಜಲಾಲುದ್ದೀನ ಚಹಾ ಮುಗಿಸಿ, ಚೀಲ ಹಿಡಿದು ಮಟನ್ ತರಲು ಹೊರಟರು. ಊಟ ಚೆನ್ನಾಗಿತ್ತು. ಮಧ್ಯಾಹ್ನ ಒಂದು ಒಳ್ಳೆಯ ನಿದ್ದೆಯೂ ಆಯಿತು.

ಸಂಜೆ ಹೊತ್ತು ಮುಳುಗುವ ಮುಂಚೆ ರೇಣುಕಾದೇವಿ ಫೋನು ಮಾಡಿದರು. ಮತ್ತೊಂದು ವಿನಾಯಿತಿ ಇರಬೇಕು ಎಂದುಕೊಂಡು ಜಲಾಲುದ್ದೀನ ಬೆಣ್ಣೆಯ ದನಿ ತೆಗೆದು ಇಟ್ಟುಕೊಂಡರು.

“ಮಣ್ಣಿಗೆ ಯಾಕ ಬರಲಿಲ್ಲರಿ ನೀವು?”

“ಯಾರ ಮಣ್ಣಿಗ್ರಿ?”

ಮೇಡಂ ಉಸಿರು ಎಳೆದುಕೊಂಡದ್ದು ಕೇಳಿಸಿತು. “ಲಾಲಪ್ಪನವರ ಮಣ್ಣಿಗೆ” ಎಂದರು.

ಉಳಿದದ್ದನ್ನು ಮೇಡಂ ಹೇಳುತ್ತ ಹೋದರು. ಬೆಳಗಿನ ಜಾವ ಎದೆ ಹಿಡಿದುಕೊಂಡಿತಂತೆ, ಆಸ್ಪತ್ರೆಯ ದಾರಿಯಲ್ಲೇ ಹೋಯಿತಂತೆ. ಸೊಸೆ ಅಂಜನಾ ಬಳಗಕ್ಕೆ ಬರೆದಳು. ಮರ್ಯಾದಸ್ಥರ ಮನೆಯ ಹೆಣ್ಣುಮಗಳು, ಸಾವಿನ ಸುದ್ದಿಯೆಂದು ಹಿರಿಯರಿಗೆ ಶರಣು ಹೇಳದೆ ಬರೆದಾಳೇ? ಅದು ಬಳಗದಲ್ಲಿ ಇದ್ದದ್ದು ಮೂರೋ ನಾಲ್ಕೋ ನಿಮಿಷ. ಬಸ್ಸಿನಲ್ಲಿದ್ದ ಮೇಡಂ ಓದಿದರು, ಇನ್ನು ಕೆಲವರು ಓದಿದರು, ಶಾಲೆಗೆ ಅರ್ಧ ದಿನ ರಜೆ ಹಾಕಿ ಮೇಡಂ ಹಳ್ಳಿಗೆ ಹೋದರು. ಹನ್ನೆರಡು ವರ್ಷ ಲಾಲಪ್ಪ ತಮ್ಮನ್ನು ಸ್ಟಾಪು ಇಲ್ಲದ ಶಾಲೆಯ ಗೇಟಿನ ಮುಂದೆ ಇಳಿಸಿದವನು ಎಂದು ಹೇಳುವಾಗ ಆ ಗಟ್ಟಿ ಹೆಂಗಸಿನ ದನಿ ಒಡೆಯಿತು.

ಯಾರಾದರೂ ನನಗೊಂದು ಫೋನು ಮಾಡಬಾರದಿತ್ತೇ ಎಂದು ಜಲಾಲುದ್ದೀನ ಕೇಳಿದರು. ಕೇಳಬಾರದಿತ್ತು. ಮಾಡೋಣ ಎಂದು ಒಬ್ಬರು ಅಂದರಂತೆ. ಅಂಜನಾಳೇ ತಡೆದಳಂತೆ. ಅಳಿಸಿದವರು ಕಾಕಾನೇ, ಅಳಿಸಬೇಕಾದರೆ ಓದಿರಲೇಬೇಕು, ಓದಿದ ಮೇಲೆ ಬರದೇ ಇರುತ್ತಾರೆಯೇ ಎಂದು. ಶಹಾಪುರದ ಕಡೆಯಿಂದ ಬರುವ ಮಧ್ಯಾಹ್ನದ ಬಸ್ಸಿಗೆ ಕಾದರು. ಎರಡರ ಬಸ್ಸಿಗೆ ಕಾದರು. ಹಿರಿಯರು ಹೊತ್ತಾಯಿತು ಎಂದರೂ ನಾಲ್ಕರ ಬಸ್ಸಿನವರೆಗೂ ಕಾದು, ಅದರಲ್ಲೂ ಇವರು ಇಳಿಯದಿದ್ದಾಗ ಹೆಣ ಎತ್ತಿದರು.

“ನಾ ನೋಡಲಿಲ್ರಿ ಮೇಡಂ. ನಿಯಮ ಹಂಗಿತ್ತು. ನೀವ ಕೇಳಿದ್ರಿ” ಎಂದರು ಜಲಾಲುದ್ದೀನ. ಮುಳುಗುವವನಿಗೆ ಹುಲ್ಲುಕಡ್ಡಿ.

“ನಿಯಮ ಬೇಕಂತ ನಾನ ಕೇಳೀನ್ರಿ. ಓದಬ್ಯಾಡ್ರಿ ಅಂತ ಕೇಳಿದ್ದಿಲ್ಲ” ಎಂದು ಮೇಡಂ ಫೋನು ಇಟ್ಟರು.

ಕುಬ್ರಾಬೇಗಂ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಬೈಯಲಿ, ಮನೆ ಮೇಲೆ ಕೆಳಗೆ ಮಾಡಲಿ ಎಂದು ಜಲಾಲುದ್ದೀನ ತಲೆ ತಗ್ಗಿಸಿ ಕಾದರು. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿ ಅತ್ತರು.

ಮರುದಿನ ಮೊದಲ ಬಸ್ಸಿಗೆ ಹೊರಟರು. ಸುರಪುರದಲ್ಲಿ ಇಳಿದು, ಟಂಟಂ ಆಟೋ ಹಿಡಿದು, ಹಳ್ಳಿ ಮುಟ್ಟಿದಾಗ ಬಿಸಿಲು ಏರಿತ್ತು. ಮೊದಲು ಹೊಲದಂಚಿಗೆ ಹೋಗಿ ಹಸಿ ಮಣ್ಣಿನ ಗುಡ್ಡೆಯ ಮೇಲೆ ಒಂದು ಹಿಡಿ ಮಣ್ಣು ಹಾಕಿದರು. ಒಂದು ದಿನ ತಡವಾಗಿ ಹಾಕಿದ ಮಣ್ಣು ಯಾವ ಲೆಕ್ಕಕ್ಕೂ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಮನೆಯ ಮುಂದೆ ಚಾಪೆ ಹಾಸಿತ್ತು. ಅಂಜನಾ ನೀರು ಕೊಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡು ಎದುರಿಗೆ ಕೂತಳು. ಕಣ್ಣು ಬಾತಿದ್ದವು. ಸಿಟ್ಟಿನ ಸುಳಿವೇ ಇರಲಿಲ್ಲ, ಅದೊಂದಿದ್ದರೆ ಜಲಾಲುದ್ದೀನರಿಗೆ ಎಷ್ಟೋ ಹಗುರವಾಗುತ್ತಿತ್ತು.

ಮಾವ ಈ ಹತ್ತು ದಿನದಲ್ಲಿ ಇವರ ಮೇಲೆ ಒಂದು ಕೆಟ್ಟ ಮಾತು ಆಡಲಿಲ್ಲ ಎಂದಳು. ಯಾರಾದರೂ ಇವರ ವಿಷಯ ಎತ್ತಿ ಕೆಣಕಿದರೆ, ಅವನಿಗೆ ಹೊಸ ಹುಚ್ಚು ಹಿಡಿದಿದೆ, ಇಳಿದ ಮೇಲೆ ತಾನೇ ಬರುತ್ತಾನೆ ಎಂದು ನಗುತ್ತಿದ್ದನಂತೆ. ಒಂದು ಮಾತು ಮಾತ್ರ ಅವಳನ್ನು ಕೊರೆಯುತ್ತಿತ್ತು, ಅದನ್ನು ಕೇಳಿಯೇಬಿಟ್ಟಳು.

“ನಾ ಬರದದ್ದು ಓದಿದ್ರಲ್ಲ ಕಾಕಾ?”

ಓದಿದೆ ಎಂದರೆ, ಓದಿಯೂ ಬರಲಿಲ್ಲ ಎಂದಾಗುತ್ತದೆ.

“ಇಲ್ಲವ್ವ. ಓದಿಲ್ಲ.”

ಅಂಜನಾ ಅವರ ಮುಖವನ್ನೇ ನೋಡಿದಳು. ಅವಳಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

“ಹಂಗಾದ್ರ ಏನು ನೋಡಿ ಅಳಿಸಿದ್ರಿ ಕಾಕಾ?”

ಸುಳ್ಳು ಹೇಳಲು ಇನ್ನು ಏನೂ ಉಳಿದಿರಲಿಲ್ಲ. ಜಲಾಲುದ್ದೀನ ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

“ಮೊದಲ ಸಾಲಿನ್ಯಾಗ ಬಸ್ಸಿನ ಟೈಮ್ ಇರಲಿಲ್ಲವ್ವ.”